ಎಕ್ಸ್‌ಚೇಂಜ್ ಖಾತೆಯಿಂದ ನೇರವಾಗಿ 149 ಯುಎಸ್‌ಡಿಟಿ ಕಟ್ಟಬಹುದೇ? ಬಿಲ್ಲಿಗೆ ಅರ್ಧ ಗಂಟೆಯ ಗಡುವು

ತೆಂಕಣಗಾಳಿ

ನಮಸ್ಕಾರ. ಪುತ್ತೂರಿನಲ್ಲಿ ಕುಳಿತು ತ್ರೀಡಿ ಅನಿಮೇಷನ್ ಮಾಡಿಕೊಡುವುದು ನನ್ನ ಕಸುಬು. ಹುಲ್ಲು, ಕೂದಲು, ಬಟ್ಟೆಯ ಅಲುಗಾಟ ಮೂಡಿಸುವ ಸಣ್ಣ ತಂತ್ರಾಂಶವೊಂದರ ಪರವಾನಗಿ ಬೇಕಾಗಿದೆ. ಅದನ್ನು ಮಾಡಿದವರು ಹೊರದೇಶದ ಇಬ್ಬರೇ ಇಬ್ಬರು. ಅವರ ಪುಟ ನನ್ನ ಎರಡು ಕಾರ್ಡುಗಳನ್ನೂ ತಿರಸ್ಕರಿಸಿತು. ಉಳಿದ ದಾರಿ ಕ್ರಿಪ್ಟೊ ಒಂದೇ. ಬೆಲೆ 149 ಯುಎಸ್‌ಡಿಟಿ, ಅಂದರೆ ಡಾಲರಿಗೆ ಸರಿಸಮವಾಗಿ ನಡೆಯುವ ಕ್ರಿಪ್ಟೊ ನಾಣ್ಯ.

ಕ್ರಿಪ್ಟೊ ಕೊಂಡು ಮಾರುವ ಇಲ್ಲಿಯ ಒಂದು ಎಕ್ಸ್‌ಚೇಂಜ್‌ನಲ್ಲಿ ನನಗೆ ಖಾತೆ ಇದೆ, ಕೆವೈಸಿ ಮುಗಿದಿದೆ, 170 ಯುಎಸ್‌ಡಿಟಿ ಕೊಂಡಿಟ್ಟಿದ್ದೇನೆ. ಮಾರುವವರ ಪುಟದಲ್ಲಿ ‘ಪಾವತಿಸಿ’ ಒತ್ತಿದರೆ ಒಂದು ಉದ್ದನೆಯ ವಿಳಾಸ, ಒಂದು ಕ್ಯೂಆರ್ ಚೌಕ, ಪಕ್ಕದಲ್ಲಿ ಮೂವತ್ತು ನಿಮಿಷದಿಂದ ಕೆಳಗಿಳಿಯುವ ಗಡಿಯಾರ. ಎಕ್ಸ್‌ಚೇಂಜ್ ಕಡೆ ಹೋದರೆ ‘ನೆಟ್‌ವರ್ಕ್ ಆರಿಸಿ’ ಎಂದು ಐದು ಹೆಸರು. ಯಾವುದು ಎಂದು ಯೋಚಿಸುತ್ತಿರುವಾಗಲೇ ಗಡಿಯಾರ ಸೊನ್ನೆಗೆ ಬಂತು. ಹೆದರಿ ಎರಡೂ ಪುಟ ಮುಚ್ಚಿದೆ.

ಯುಪಿಐನಲ್ಲಿ ತಪ್ಪಿದರೆ ಬ್ಯಾಂಕಿನವರ ಮುಂದೆ ಹೋಗಿ ಅಳಬಹುದು. ಇಲ್ಲಿ ಯಾರ ಮುಂದೆ ಅಳುವುದು?

ಕೊಡಚಾದ್ರಿ_ಕಾಲುದಾರಿ

ಅಳುವುದಕ್ಕೆ ಯಾರೂ ಸಿಗುವುದಿಲ್ಲ. ಅತ್ತು ನೋಡಿದವನು ಹೇಳುತ್ತಿದ್ದೇನೆ. ಪುಟ ಮುಚ್ಚಿದ್ದು ಒಳ್ಳೆಯದೇ ಆಯಿತು.

ಕಳೆದ ವರ್ಷ ಸರ್ವರ್ ಬಾಡಿಗೆಯ ಬಿಲ್ಲೊಂದನ್ನು ನಾನು ಹೀಗೆಯೇ ಎಕ್ಸ್‌ಚೇಂಜ್‌ನಿಂದ ನೇರವಾಗಿ ಕಟ್ಟಿದೆ. ಬಿಲ್ಲು 60 ಯುಎಸ್‌ಡಿಟಿ, ನಾನು ತುಂಬಿದ್ದೂ 60. ಕೆಳಗೆ ಸಣ್ಣ ಅಕ್ಷರದಲ್ಲಿ ‘ಪಡೆಯುವವರಿಗೆ ಸಿಗುವ ಮೊತ್ತ 56’ ಎಂದಿತ್ತು, ಕಣ್ಣಿಗೆ ಬೀಳಲಿಲ್ಲ. ಆ ಎಕ್ಸ್‌ಚೇಂಜ್ ತನ್ನ ಶುಲ್ಕವನ್ನು ಕಳುಹಿಸುವ ಮೊತ್ತದೊಳಗಿಂದಲೇ ಮುರಿದುಕೊಳ್ಳುತ್ತದೆ. ಅದರ ಮೇಲೆ ನನ್ನ ಕೋರಿಕೆ ‘ಪರಿಶೀಲನೆಯಲ್ಲಿದೆ’ ಎಂದು ಎರಡೂವರೆ ಗಂಟೆ ನಿಂತುಬಿಟ್ಟಿತು. ಬಿಲ್ಲಿನ ಗಡುವು ಇದ್ದದ್ದು ಇಪ್ಪತ್ತು ನಿಮಿಷ. ಹಣ ತಲುಪುವಷ್ಟರಲ್ಲಿ ಬಿಲ್ಲು ಸತ್ತಿತ್ತು. ತಲುಪಿದ್ದರಲ್ಲೂ ನಾಲ್ಕು ಕಡಿಮೆ.

ಮಾರಿದವರು ಮರ್ಯಾದಸ್ಥರೇ. ‘ಹಣ ಬಂದ ವಿಳಾಸಕ್ಕೇ ಹಿಂದಿರುಗಿಸಿದ್ದೇವೆ’ ಎಂದು ಬರೆದರು. ನಿಜವಾದ ಅನಾಹುತ ಆದದ್ದು ಅಲ್ಲಿ. ಹಣ ಬಂದ ವಿಳಾಸ ನನ್ನದಾಗಿರಲಿಲ್ಲ. ಅದು ಎಕ್ಸ್‌ಚೇಂಜ್‌ನ ಸಾಮೂಹಿಕ ವಾಲೆಟ್ (ಕ್ರಿಪ್ಟೊ ಇಡುವ ಡಿಜಿಟಲ್ ಚೀಲ), ಸಾವಿರಾರು ಜನರ ಹಣ ಹೊರಗೆ ಹೋಗುವ ಬಾಗಿಲು. ನನ್ನ ಖಾತೆಗೆ ಹಣ ಬರುವ ಠೇವಣಿ ವಿಳಾಸವೇ ಬೇರೆ. ಬಸ್ ನಿಲ್ದಾಣದಿಂದ ಪಾರ್ಸೆಲ್ ಹಾಕಿದವನಿಗೆ ‘ನಿಮ್ಮ ಪಾರ್ಸೆಲ್ಲನ್ನು ಆ ನಿಲ್ದಾಣದಲ್ಲೇ ಇಳಿಸಿದ್ದೇವೆ’ ಎಂದ ಹಾಗಾಯಿತು. ಏಳು ವಾರ ಇಮೇಲ್ ಬರೆದೆ. ಠೇವಣಿ ವಿಳಾಸದ ಹೊರಗೆ ಬಂದ ಹಣವನ್ನು ಯಾರದೆಂದು ಗುರುತಿಸಿ ಜಮಾ ಮಾಡಲಾಗುವುದಿಲ್ಲ ಎಂದು ಎಕ್ಸ್‌ಚೇಂಜ್‌ನ ಕೊನೆಯ ಉತ್ತರ ಬಂತು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ಆದ್ದರಿಂದ ಬಿಲ್ಲು ಕಟ್ಟುವುದಕ್ಕೆ ಎಕ್ಸ್‌ಚೇಂಜ್ ಖಾತೆಯನ್ನು ಬಳಸಬೇಡಿ. ಮೊದಲು ಕೀಲಿ ನಿಮ್ಮ ಕೈಯಲ್ಲೇ ಇರುವ ನಿಮ್ಮದೇ ವಾಲೆಟ್‌ಗೆ ಹಣ ತಂದುಕೊಳ್ಳಿ. ಅದಕ್ಕೆ ಯಾವ ಗಡಿಯಾರವೂ ಇಲ್ಲ. ಅಲ್ಲಿಂದ ಬಿಲ್ಲು ಕಟ್ಟಿ. ಹಣ ಹಿಂದಿರುಗಿದರೂ ನಿಮ್ಮ ಕೈಗೇ ಬರುತ್ತದೆ.

ಬಡ್ಡಿಯಿಲ್ಲದ_ಬಂಡವಾಳ

ಇಷ್ಟು ಸಣ್ಣ ಕೆಲಸಕ್ಕೆ ಇಷ್ಟು ದೊಡ್ಡ ಸುತ್ತು ಏಕೆ? ನಾನು ಹತ್ತು ಸಲವಾದರೂ ನೇರವಾಗಿ ಕಟ್ಟಿದ್ದೇನೆ. ಶುಲ್ಕ ಎಷ್ಟೆಂದು ನೋಡಿ ಅಷ್ಟನ್ನು ಕೂಡಿಸಿ ತುಂಬಿದರೆ ಮುಗಿಯಿತು. ಸ್ವಂತ ವಾಲೆಟ್ ಎಂದರೆ ಅದರ ಕೀಲಿಯಾದ ಹನ್ನೆರಡು ಪದಗಳ ಸಾಲನ್ನು ಜೋಪಾನ ಮಾಡಬೇಕು. ಚೀಟಿ ಇಲಿ ತಿಂದರೆ ಆಗಲೂ ಹಣ ಹೋಯಿತು. ಎಕ್ಸ್‌ಚೇಂಜ್‌ನಲ್ಲಿ ಪಾಸ್‌ವರ್ಡ್ ಮರೆತರೆ ಆಧಾರ್ ತೋರಿಸಿ ಒಳಗೆ ಹೋಗಬಹುದು.

ಕೊಡಚಾದ್ರಿ_ಕಾಲುದಾರಿ

ಹತ್ತು ಸಲ ನಡೆದಿದೆ ಎಂದರೆ ಹನ್ನೊಂದನೆಯ ಸಲ ‘ಪರಿಶೀಲನೆಯಲ್ಲಿದೆ’ ಬರುವುದಿಲ್ಲ ಎಂದು ಅರ್ಥವೇ? ಶುಲ್ಕವನ್ನು ಕೂಡಿಸಬಹುದು, ಎಕ್ಸ್‌ಚೇಂಜ್ ಎಷ್ಟು ಹೊತ್ತು ಹಿಡಿದಿಡುತ್ತದೆ ಎಂಬುದನ್ನು ಯಾವ ಲೆಕ್ಕದಲ್ಲಿ ಕೂಡಿಸುತ್ತೀರಿ?

ಇಲಿಯ ಮಾತು ಒಪ್ಪಿದೆ. ಆದರೆ ಕೀಲಿ ಇನ್ನೊಬ್ಬರ ಸೊಂಟದಲ್ಲಿದ್ದರೆ ಏನಾಗುತ್ತದೆ ಎಂಬುದನ್ನೂ ನೋಡಿದ್ದೇವೆ. 2024ರ ಜುಲೈ 18ರಂದು ನಮ್ಮ ದೇಶದ ಎಕ್ಸ್‌ಚೇಂಜ್ ಆದ ವಜೀರ್‌ಎಕ್ಸ್‌ನಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ಕ್ರಿಪ್ಟೊ ಕಳುವಾಯಿತು. ಗ್ರಾಹಕರ ನಾಣ್ಯಗಳು ವರ್ಷಕ್ಕೂ ಮೀರಿ ಒಳಗೇ ಸಿಕ್ಕಿಕೊಂಡವು. ಮರುವರ್ಷ ಜುಲೈಯಲ್ಲೇ ಇನ್ನೊಂದು ಎಕ್ಸ್‌ಚೇಂಜ್ ಆದ ಕಾಯಿನ್‌ಡಿಸಿಎಕ್ಸ್‌ನಿಂದ 4.4 ಕೋಟಿ ಡಾಲರ್ ಹೋಯಿತು. ಅದು ಕಂಪನಿಯ ಸ್ವಂತ ಖಾತೆಯದು, ಗ್ರಾಹಕರದ್ದಲ್ಲ ಎಂದರು, ನಷ್ಟವನ್ನು ತಾವೇ ಹೊತ್ತರು. ಪುಣ್ಯ. ತೆಂಕಣಗಾಳಿ ತಂಗಿ ಜೀವಮಾನದ ಉಳಿತಾಯವನ್ನು ವಾಲೆಟ್‌ನಲ್ಲಿ ಇಡಲಿ ಎಂದು ನಾನು ಹೇಳುತ್ತಿಲ್ಲ. 149ನ್ನು ಅರ್ಧ ದಿನ ಇಟ್ಟುಕೊಳ್ಳಲಿ ಎನ್ನುತ್ತಿದ್ದೇನೆ.

ನಿವೃತ್ತ_ಗುಮಾಸ್ತ

ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲಿದ್ದವನು ನಾನು. ಕಂಪ್ಯೂಟರ್ ಬರುವ ಮುಂಚೆ ಸಂಜೆ ಲೆಡ್ಜರ್ ತಾಳೆ ನೋಡುವ ಪದ್ಧತಿಯಿತ್ತು. ಒಬ್ಬನು ವೋಚರ್ ನೋಡಿ ಗಟ್ಟಿಯಾಗಿ ಓದಬೇಕು, ಇನ್ನೊಬ್ಬನು ಲೆಡ್ಜರ್‌ನಲ್ಲಿ ಕೆಂಪು ಪೆನ್ಸಿಲ್ಲಿನಿಂದ ಟಿಕ್ ಹಾಕಬೇಕು. ಬರೆದವನೇ ಓದಿ ಅವನೇ ಟಿಕ್ ಹಾಕುವಂತಿಲ್ಲ, ತನ್ನ ತಪ್ಪು ತನ್ನ ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ.

ಕುತೂಹಲಕ್ಕೆ ಕೊಂಡ ಚೂರು ಬಿಟ್‌ಕಾಯಿನ್ ನನ್ನ ಬಳಿ ಇದೆ. ಅದನ್ನು ಎಕ್ಸ್‌ಚೇಂಜ್‌ನಿಂದ ಹಾರ್ಡ್‌ವೇರ್ ವಾಲೆಟ್‌ಗೆ (ಕೀಲಿಯನ್ನು ಇಂಟರ್ನೆಟ್‌ನಿಂದ ದೂರವಿಡುವ ಪುಟ್ಟ ಸಾಧನ, ಇದನ್ನೇ ತಣ್ಣನೆಯ ವಾಲೆಟ್ ಎನ್ನುವುದು) ತರುವಾಗ ಮನೆಯಲ್ಲಿ ಅದೇ ಪದ್ಧತಿ. ವಾಲೆಟ್‌ನ ಪುಟಾಣಿ ಪರದೆಯ ಮೇಲಿರುವ ವಿಳಾಸವನ್ನು ನನ್ನ ಹೆಂಡತಿ ನಾಲ್ಕು ನಾಲ್ಕು ಅಕ್ಷರವಾಗಿ ಓದುತ್ತಾಳೆ. ಎಕ್ಸ್‌ಚೇಂಜ್ ಪುಟದಲ್ಲಿ ಅಂಟಿಸಿದ್ದನ್ನು ನಾನು ಬೆರಳಿಟ್ಟು ನೋಡುತ್ತೇನೆ. 42 ಅಕ್ಷರ, ಹತ್ತು ಗುಂಪು, ಕೊನೆಗೆ ಎರಡು ಬಿಡಿ. ಆರಂಭದ ಮೂರು ಅಕ್ಷರ ಯಾವಾಗಲೂ ಬಿ, ಸಿ, ಒಂದು. ಅವಳು ಅದನ್ನು ‘ಬಿಸಿ ಒಂದು’ ಎಂದೇ ಓದುವುದು. ತಣ್ಣನೆಯ ವಾಲೆಟ್ ಎಂದು ಕೊಂಡು ತಂದಿರಿ, ವಿಳಾಸ ಮಾತ್ರ ಬಿಸಿ ಎಂದು ನಗುತ್ತಾಳೆ. ಒಮ್ಮೆ ನಡುವೆ ನಿಲ್ಲಿಸಿ ‘ಇದು ಸೊನ್ನೆಯೋ, ಓ ಅಕ್ಷರವೋ’ ಎಂದು ಕೇಳಿದಳು. ಆ ಬಗೆಯ ವಿಳಾಸದಲ್ಲಿ ‘ಬಿಸಿ ಒಂದು’ ದಾಟಿದ ಮೇಲೆ ಇಂಗ್ಲಿಷಿನ ಓ ಇರುವುದೇ ಇಲ್ಲ. ಗೊಂದಲವಾಗುವ ಅಕ್ಷರವೆಂದು ಅದನ್ನು ಬಿಟ್ಟೇ ನಿಯಮ ಮಾಡಿದ್ದಾರೆ. ದುಂಡಗೆ ಕಂಡರೆ ಸೊನ್ನೆಯೇ.

ಒಂದು ಅಕ್ಷರ ತಪ್ಪಿದರೆ ಏನು ಗತಿ ಎಂದು ಹೊಸಬರು ಹೆದರುತ್ತಾರೆ. ಆ ಹೆದರಿಕೆ ಬೇಡ. ಬಿಟ್‌ಕಾಯಿನ್ ವಿಳಾಸದೊಳಗೇ ತಪ್ಪು ಹಿಡಿಯುವ ಲೆಕ್ಕವೊಂದು ಅಡಗಿದೆ, ಒಂದಕ್ಷರ ಹೆಚ್ಚುಕಡಿಮೆಯಾದರೆ ಪುಟ ಒಪ್ಪುವುದಿಲ್ಲ. ಹೆದರಬೇಕಾದದ್ದು ಪೂರ್ತಿ ಸರಿಯಾದ, ಆದರೆ ಬೇರೆಯವರದಾದ ವಿಳಾಸಕ್ಕೆ. ನಾವು ಕಾಪಿ ಮಾಡಿದ್ದನ್ನು ಅಂಟಿಸುವಷ್ಟರಲ್ಲಿ ಕಳ್ಳನ ವಿಳಾಸಕ್ಕೆ ಬದಲಿಸುವ ವೈರಸ್‌ಗಳು ಇವೆ. ಮೊದಲ ನಾಲ್ಕು, ಕೊನೆಯ ನಾಲ್ಕು ನೋಡಿದರೆ ಸಾಕು ಎನ್ನುವವರಿದ್ದಾರೆ. ಸಾಲದು. ಎರಡೂ ತುದಿ ಹೊಂದುವ ವಿಳಾಸವನ್ನು ಹುಟ್ಟಿಸಿ, ಅದರಿಂದ ನಿಮಗೆ ಚಿಲ್ಲರೆ ಕಳುಹಿಸಿ, ನಿಮ್ಮ ವಹಿವಾಟಿನ ಪಟ್ಟಿಯಲ್ಲಿ ಅದು ಕುಳಿತಿರುವಂತೆ ಮಾಡುತ್ತಾರೆ. ಮುಂದಿನ ಸಲ ನೀವು ಪಟ್ಟಿಯಿಂದ ಕಾಪಿ ಮಾಡುವುದು ಅದನ್ನೇ. 2024ರ ಮೇ ತಿಂಗಳಲ್ಲಿ ಒಬ್ಬರು ಹೀಗೆಯೇ ಸುಮಾರು 6.8 ಕೋಟಿ ಡಾಲರ್ ಬೆಲೆಯ ನಾಣ್ಯವನ್ನು ಕಳ್ಳನ ವಿಳಾಸಕ್ಕೆ ಹಾಕಿದರು. ಅದಕ್ಕೂ ಮೊದಲು ಅವರು ಸರಿಯಾದ ವಿಳಾಸಕ್ಕೆ ಚಿಕ್ಕ ಮೊತ್ತ ಕಳುಹಿಸಿ ಪರೀಕ್ಷೆಯನ್ನೂ ಮಾಡಿದ್ದರು! ಸುದ್ದಿ ಜಗಜ್ಜಾಹೀರಾಗಿ, ಕಳ್ಳನ ಜೊತೆ ಮಾತುಕತೆ ನಡೆದು, ಹೆಚ್ಚಿನ ಪಾಲು ಮರಳಿತು. ನಮ್ಮ 149ಕ್ಕೆ ಯಾವ ಕಳ್ಳನೂ ಮಾತುಕತೆಗೆ ಕೂರುವುದಿಲ್ಲ.

ತೆಂಕಣಗಾಳಿ

ಗುಮಾಸ್ತರೇ, ಅಮ್ಮನನ್ನು ಕೂರಿಸಿ ಓದಿಸುತ್ತೇನೆ. ಕೊಡಚಾದ್ರಿ ಅಣ್ಣ, ಸ್ವಂತ ವಾಲೆಟ್‌ಗೆ ತರುತ್ತೇನೆ ಎಂದೇ ಇಟ್ಟುಕೊಳ್ಳಿ. ನೆಟ್‌ವರ್ಕ್ ಯಾವುದು? ಮಾರುವವರು ಟಿಆರ್‌ಸಿ20 ಮತ್ತು ಇಆರ್‌ಸಿ20 ಎರಡನ್ನೂ ಕೊಟ್ಟಿದ್ದಾರೆ.

ಕೊಡಚಾದ್ರಿ_ಕಾಲುದಾರಿ

ಯುಎಸ್‌ಡಿಟಿ ಎಂಬುದು ಒಂದೇ ಹೆಸರಾದರೂ ಅದು ಹಲವು ಹಳಿಗಳ ಮೇಲೆ ಓಡುತ್ತದೆ. ಇಆರ್‌ಸಿ20 ಎಂದರೆ ಇಥೀರಿಯಂ, ಟಿಆರ್‌ಸಿ20 ಎಂದರೆ ಟ್ರಾನ್, ಬಿಇಪಿ20 ಎಂದರೆ ಬಿಎನ್‌ಬಿ ಹಳಿ. ಟ್ರಾನ್ ವಿಳಾಸ ದೊಡ್ಡ ಟಿ ಅಕ್ಷರದಿಂದ ಆರಂಭವಾಗಿ 34 ಅಕ್ಷರ ಇರುತ್ತದೆ. ಅದನ್ನು ಇಥೀರಿಯಂ ಎಂದು ಆರಿಸಿದರೆ ಎಕ್ಸ್‌ಚೇಂಜ್ ತಾನೇ ತಡೆಯುತ್ತದೆ. ಮೋಸ ಹೋಗುವುದು ಇಥೀರಿಯಂ, ಬಿಎನ್‌ಬಿ, ಪಾಲಿಗಾನ್ ನಡುವೆ. ಮೂರರಲ್ಲೂ ವಿಳಾಸದ ರೂಪ ಒಂದೇ, ‘ಸೊನ್ನೆ ಎಕ್ಸ್’ ಎಂದು ಆರಂಭ, ಯಾರೂ ತಡೆಯುವುದಿಲ್ಲ. ತಪ್ಪು ಹಳಿಯಲ್ಲಿ ನಿಮ್ಮದೇ ವಾಲೆಟ್‌ಗೆ ಬಂದರೆ ಹಣ ನಿಮ್ಮದೇ, ಹುಡುಕಿ ತೆಗೆಯಬಹುದು. ಇನ್ನೊಬ್ಬರ ವಿಳಾಸಕ್ಕೆ ಹೋದರೆ ಅವರ ದಯೆ.

ನಿಮಗೆ ಟ್ರಾನ್ ಸಾಕು. ಆದರೆ ಅಲ್ಲೊಂದು ಗುಂಡಿ ಇದೆ. ಸ್ವಂತ ಟ್ರಾನ್ ವಾಲೆಟ್‌ನಿಂದ ಯುಎಸ್‌ಡಿಟಿ ಹೊರಗೆ ಕಳುಹಿಸಲು ಶುಲ್ಕವನ್ನು ಸಾಮಾನ್ಯವಾಗಿ ಯುಎಸ್‌ಡಿಟಿಯಲ್ಲಿ ಕಟ್ಟಲಾಗುವುದಿಲ್ಲ. ಟಿಆರ್‌ಎಕ್ಸ್ ಎಂಬ ಆ ಹಳಿಯದೇ ನಾಣ್ಯ ಬೇಕು. ಇದು ತಿಳಿಯದೆ 149 ಯುಎಸ್‌ಡಿಟಿ ಕೈಯಲ್ಲಿದ್ದೂ ಕಳುಹಿಸಲಾಗದೆ ಕುಳಿತವರು ಬಹಳ. ಮೊದಲು ಸ್ವಲ್ಪ ಟಿಆರ್‌ಎಕ್ಸ್ ತರಿಸಿ. ಹೊಸ ಟ್ರಾನ್ ಖಾತೆ ಚಾಲೂ ಆಗುವುದೂ ಅದರಿಂದಲೇ. ಅಷ್ಟು ಬಂದದ್ದೇ ನಿಮ್ಮ ಪರೀಕ್ಷಾ ಕಂತು ಎಂದುಕೊಳ್ಳಿ. ಅದು ತಲುಪಿದ ಮೇಲೆ ಅದೇ ವಿಳಾಸಕ್ಕೆ ಯುಎಸ್‌ಡಿಟಿ.

ಎಕ್ಸ್‌ಆರ್‌ಪಿ, ಸ್ಟೆಲ್ಲರ್ ಇತ್ಯಾದಿಗೆ ವಿಳಾಸದ ಜೊತೆ ಟ್ಯಾಗ್ ಅಥವಾ ಮೆಮೊ ಎಂಬ ಸಂಖ್ಯೆ ಇರುತ್ತದೆ. ಇನ್ನೊಂದು ಎಕ್ಸ್‌ಚೇಂಜ್‌ಗೆ ಕಳುಹಿಸುವಾಗ ಅದನ್ನು ಬಿಟ್ಟರೆ ವಠಾರದ ಹೆಸರು ಬರೆದು ಮನೆ ಸಂಖ್ಯೆ ಬರೆಯದ ಹಾಗೆ. ನಿಮಗೆ ಈಗ ಬೇಕಿಲ್ಲ.

ಲೆಕ್ಕಪತ್ರ

ಎಲ್ಲರೂ ವಿಳಾಸದ ಮಾತಾಡುತ್ತಿದ್ದೀರಿ, ತೆರಿಗೆಯ ಮಾತು ಯಾರೂ ಎತ್ತಲಿಲ್ಲ. ಎಕ್ಸ್‌ಚೇಂಜ್‌ನಿಂದ ನಿಮ್ಮದೇ ವಾಲೆಟ್‌ಗೆ ತಂದರೆ ತೆರಿಗೆಯ ಲೆಕ್ಕದಲ್ಲಿ ಅದು ವರ್ಗಾವಣೆ ಅಲ್ಲ, ತೆರಿಗೆ ಇಲ್ಲ. ಅದನ್ನು ಕೊಟ್ಟು ತಂತ್ರಾಂಶ ಕೊಂಡ ಕ್ಷಣ ಅದು ಮಾರಾಟಕ್ಕೆ ಸಮ. 2022ರ ಏಪ್ರಿಲ್ 1ರಿಂದ ಲಾಭಕ್ಕೆ 30 ಶೇಕಡಾ, ತೆರಿಗೆಯ ಮೇಲೆ 4 ಶೇಕಡಾ ಸೆಸ್. ಒಂದಕ್ಕೆ 90 ರೂಪಾಯಿಯಂತೆ ಕೊಂಡು, ಕೊಟ್ಟ ದಿನ ಬೆಲೆ 91 ಇದ್ದರೆ ಲಾಭ 149 ರೂಪಾಯಿ, ತೆರಿಗೆ 44 ರೂಪಾಯಿ 70 ಪೈಸೆ, ಸೆಸ್ ಸೇರಿ 46 ರೂಪಾಯಿ 49 ಪೈಸೆ. ಚಹಾ ತಿಂಡಿಯ ಖರ್ಚು. ಆದರೆ ಕೊಂಡ ಬೆಲೆಯ ಹೊರತು ಬೇರೇನನ್ನೂ ಕಳೆಯುವಂತಿಲ್ಲ, ಎಕ್ಸ್‌ಚೇಂಜ್‌ನ ಶುಲ್ಕವನ್ನೂ ಕಳೆಯುವಂತಿಲ್ಲ. ಒಂದರಲ್ಲಿ ಆದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಹೊಂದಿಸುವಂತೆಯೂ ಇಲ್ಲ.

ನಿಮ್ಮಂಥ ಕಸುಬಿನವರು ಸಾಮಾನ್ಯವಾಗಿ ಸುಗಮ್ ನಮೂನೆಯಲ್ಲಿ ರಿಟರ್ನ್ಸ್ ಹಾಕುತ್ತೀರಿ. ಕ್ರಿಪ್ಟೊ ಆದಾಯ ಇದ್ದರೆ ಆ ನಮೂನೆ ನಡೆಯದು. ನನ್ನ ಬಳಿ ಬರುವವರಲ್ಲಿ ಅರ್ಧದಷ್ಟು ಜನ ಎಡವುವುದು ಇಲ್ಲಿಯೇ.

ಇನ್ನೊಂದು ಮಾತು. ರಿಸರ್ವ್ ಬ್ಯಾಂಕ್ 2018ರಲ್ಲಿ ಬ್ಯಾಂಕುಗಳಿಗೆ ಹಾಕಿದ್ದ ತಡೆಯನ್ನು ಸುಪ್ರೀಂ ಕೋರ್ಟ್ 2020ರ ಮಾರ್ಚ್ 4ರಂದು ತೆಗೆದುಹಾಕಿತು, ನಿಜ. ಆದರೆ ಹೊರದೇಶದವರಿಗೆ ಕ್ರಿಪ್ಟೊದಲ್ಲಿ ಹಣ ಕೊಡುವುದು ವಿದೇಶಿ ವಿನಿಮಯ ಕಾನೂನಿನಡಿ ಸರಿಯೇ ಎಂಬುದನ್ನು ಸರಕಾರ ಸ್ಪಷ್ಟವಾಗಿ ಹೇಳಿಲ್ಲ. ಮೂರನೆಯ ಕಾರ್ಡ್ ಇದ್ದರೆ ಅದನ್ನೇ ಮೊದಲು ಪ್ರಯತ್ನಿಸಿ. ಇದನ್ನು ಕೇಳಲು ಯಾರಿಗೂ ಇಷ್ಟವಿಲ್ಲ, ಗೊತ್ತು.

ರೈನ್_ದಂಡೆ

ಕಲೋನ್‌ನಿಂದ ಬರೆಯುತ್ತಿದ್ದೇನೆ. ಇಲ್ಲಿ ಒಂದು ವರ್ಷ ಕೈಯಲ್ಲಿಟ್ಟುಕೊಂಡ ಕ್ರಿಪ್ಟೊವನ್ನು ಖರ್ಚು ಮಾಡಿದರೆ ತೆರಿಗೆಯೇ ಇಲ್ಲ ಎಂದು ಹೇಳಿ ಲೆಕ್ಕಪತ್ರ ಅವರ ಹೊಟ್ಟೆ ಉರಿಸಬಹುದು. ಆದರೆ 2024ರ ಡಿಸೆಂಬರ್ 30ರಿಂದ ಯುರೋಪಿನ ಎಕ್ಸ್‌ಚೇಂಜ್‌ಗಳು ಎಷ್ಟೇ ಚಿಕ್ಕ ಮೊತ್ತವಾದರೂ ‘ಯಾರಿಗೆ’ ಎಂದು ಕೇಳಲೇಬೇಕು. ಸ್ವಂತ ವಾಲೆಟ್‌ಗೆ 1,000 ಯೂರೋ ಮೀರಿದರೆ ಅದು ನಿಮ್ಮದೇ ಎಂದು ತೋರಿಸಬೇಕು. ಭಾರತದಲ್ಲೂ 2023ರ ಮಾರ್ಚ್‌ನಿಂದ ಎಕ್ಸ್‌ಚೇಂಜ್‌ಗಳು ಹಣ ಅಕ್ರಮ ವರ್ಗಾವಣೆ ತಡೆ ಕಾನೂನಿನ ಕೆಳಗೆ ಬಂದಿವೆ. ಸ್ವೀಕರಿಸುವವರ ಹೆಸರು ಕೇಳಿದರೆ ಮೋಸ ಎಂದು ಗಾಬರಿಯಾಗಬೇಡಿ. ಸ್ವಂತ ವಾಲೆಟ್ ಇದ್ದರೆ ‘ನನ್ನದೇ’ ಎಂದು ನಿಜವನ್ನೇ ಬರೆಯಿರಿ. ನೇರವಾಗಿ ಬಿಲ್ಲು ಕಟ್ಟಿ, ಆ ಬಿಲ್ಲಿನ ವಿಳಾಸವನ್ನು ‘ನನ್ನದೇ’ ಎಂದು ಬರೆದವರು ಆಮೇಲೆ ಉತ್ತರ ಕೊಡಲಾಗದೆ ತಡವರಿಸಿದ್ದನ್ನು ನೋಡಿದ್ದೇನೆ. ಬಂಡವಾಳ ಅವರೇ, ನಿಮ್ಮ ಹತ್ತು ಸಲದಲ್ಲಿ ಏನೆಂದು ಬರೆದಿದ್ದಿರಿ?

ಬಡ್ಡಿಯಿಲ್ಲದ_ಬಂಡವಾಳ

ಆ ಪ್ರಶ್ನೆಗೆ ಉತ್ತರ ಬರೆಯದಿರುವುದೇ ಲೇಸು.

ತೆಂಕಣಗಾಳಿ

ಇಲ್ಲಿ ಬರೆದ ಒಂದು ಗಂಟೆಯೊಳಗೆ ನನಗೆ ಖಾಸಗಿ ಸಂದೇಶವೊಂದು ಬಂದಿದೆ. ಎಕ್ಸ್‌ಚೇಂಜ್‌ನ ಸಹಾಯ ವಿಭಾಗದವರಂತೆ. ನನ್ನ ವಾಲೆಟ್ ಅನ್ನು ‘ದೃಢೀಕರಿಸಲು’ ಒಂದು ಪುಟದಲ್ಲಿ ಹನ್ನೆರಡು ಪದಗಳನ್ನು ತುಂಬಬೇಕಂತೆ. ಕನ್ನಡದಲ್ಲೇ ಬರೆದಿದ್ದಾರೆ, ತುಂಬಾ ವಿನಯ.

ನಿವೃತ್ತ_ಗುಮಾಸ್ತ

ವಿನಯ ನೋಡಿಯೇ ಅನುಮಾನ ಪಡಬೇಕಿತ್ತು. ಯಾವ ಸಹಾಯ ವಿಭಾಗವಾದರೂ ನಮ್ಮನ್ನು ಹುಡುಕಿಕೊಂಡು ಬಂದದ್ದುಂಟೇ? ಆ ಪದಗಳನ್ನು ಕೇಳುವವನು ಕಳ್ಳ, ಎರಡು ಮಾತಿಲ್ಲ. ಫೋನ್ ಪರದೆಯನ್ನು ಹಂಚಿಕೊಳ್ಳಿ ಎನ್ನುವವನೂ ಅವನ ತಮ್ಮನೇ. ಸಂದೇಶವನ್ನು ನಿರ್ವಾಹಕರಿಗೆ ದೂರು ಕೊಡಿ. ಏನಾದರೂ ತುಂಬಿಬಿಟ್ಟಿದ್ದರೆ ಮೊದಲು ಹಣವನ್ನು ಹೊಸ ವಾಲೆಟ್‌ಗೆ ಸಾಗಿಸಿ, ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ರೈನ್_ದಂಡೆ

ಎಕ್ಸ್‌ಚೇಂಜ್ ಖಾತೆಯಲ್ಲಿ ವಿಳಾಸಗಳ ಅನುಮತಿ ಪಟ್ಟಿ ಎಂಬ ಆಯ್ಕೆ ಇದ್ದರೆ ಹಾಕಿಕೊಳ್ಳಿ. ಪಟ್ಟಿಯಲ್ಲಿಲ್ಲದ ವಿಳಾಸಕ್ಕೆ ಹಣ ಹೋಗುವುದೇ ಇಲ್ಲ, ಹೊಸದನ್ನು ಸೇರಿಸಿದರೆ ಸಾಮಾನ್ಯವಾಗಿ ಒಂದು ದಿನ ಕಾಯಿಸುತ್ತದೆ. ಪ್ರತಿ ಬಿಲ್ಲಿಗೂ ಬೇರೆ ವಿಳಾಸ ಬರುವುದರಿಂದ ನೇರವಾಗಿ ಕಟ್ಟುವವರಿಗೆ ಇದು ಉಪಯೋಗಕ್ಕೆ ಬಾರದು. ಸ್ವಂತ ವಾಲೆಟ್‌ಗೆ ಮಾತ್ರ ತರುವವರಿಗೆ ಇದಕ್ಕಿಂತ ಒಳ್ಳೆಯ ಬೀಗ ಇಲ್ಲ. ಓಟಿಪಿ ಎಸ್‌ಎಂಎಸ್‌ನಲ್ಲಿ ಬರುತ್ತಿದ್ದರೆ ಅದನ್ನು ತೆಗೆದು ಆಥೆಂಟಿಕೇಟರ್ ಆ್ಯಪ್ ಹಾಕಿ. ನಿಮ್ಮ ಸಿಮ್‌ನ ನಕಲು ಮಾಡಿಸಿಕೊಂಡವನಿಗೆ ಎಸ್‌ಎಂಎಸ್ ಹೋಗುತ್ತದೆ, ಆ್ಯಪ್‌ನ ಅಂಕಿ ಹೋಗುವುದಿಲ್ಲ.

ತೆಂಕಣಗಾಳಿ

ಮೂರು ದಿನ ಬಿಟ್ಟು ಬರೆಯುತ್ತಿದ್ದೇನೆ. ಲೆಕ್ಕಪತ್ರ ಅವರ ಮಾತು ಕೇಳಿ ಅಣ್ಣನ ಕಾರ್ಡನ್ನೂ ಹಾಕಿ ನೋಡಿದೆ, ಅದೂ ನಡೆಯಲಿಲ್ಲ.

ಫೋನಿನಲ್ಲಿ ವಾಲೆಟ್ ಹಾಕಿಕೊಂಡೆ. ಹನ್ನೆರಡು ಪದಗಳನ್ನು ಪೆನ್ನಿನಲ್ಲಿ ಎರಡು ಕಾಗದದ ಮೇಲೆ ಬರೆದೆ, ಫೋಟೊ ತೆಗೆಯಲಿಲ್ಲ. ಒಂದನ್ನೂ ಅಕ್ಕಿ ಡಬ್ಬಿಯ ಹತ್ತಿರ ಇಡಲಿಲ್ಲ, ಇಲಿಯ ಮಾತು ನೆನಪಿತ್ತು. ಅನುಮತಿ ಪಟ್ಟಿಗೆ ವಿಳಾಸ ಸೇರಿಸಿ ಒಂದು ದಿನ ಕಾದೆ. 20 ಟಿಆರ್‌ಎಕ್ಸ್ ತರಿಸಿದೆ, ನಾಲ್ಕು ನಿಮಿಷದಲ್ಲಿ ಬಂತು. ಆಮೇಲೆ 165 ಯುಎಸ್‌ಡಿಟಿಗೆ ಕೋರಿಕೆ ಹಾಕಿದೆ. ಅದು ‘ಪರಿಶೀಲನೆಯಲ್ಲಿದೆ’ ಎಂದು ಐವತ್ತು ನಿಮಿಷ ನಿಂತಿತು. ನೇರವಾಗಿ ಬಿಲ್ಲು ಕಟ್ಟಿದ್ದರೆ ಗಡುವು ಅಲ್ಲಿಗೇ ಮುಗಿದಿರುತ್ತಿತ್ತು. ನಾನು ಅಷ್ಟರಲ್ಲಿ ಸ್ನಾನ ಮುಗಿಸಿ ಬಂದೆ.

ಬಿಲ್ಲು ತೆರೆದು ಅಮ್ಮನನ್ನು ಪಕ್ಕದಲ್ಲಿ ಕೂರಿಸಿದೆ. ಲ್ಯಾಪ್‌ಟಾಪಿನಲ್ಲಿರುವುದನ್ನು ಅವರು ಓದುವುದು, ಫೋನಿನಲ್ಲಿರುವುದಕ್ಕೆ ನಾನು ಟಿಕ್. ದೊಡ್ಡಕ್ಷರ, ಚಿಕ್ಕಕ್ಷರ ಬೇರೆ ಬೇರೆಯಾಗಿ ಹೇಳಬೇಕು ಎಂದದ್ದಕ್ಕೆ ಅಮ್ಮ ‘ದೊಡ್ಡ ಕೆ, ಸಣ್ಣ ಕೆ’ ಎಂದು ಮಗ್ಗಿ ಒಪ್ಪಿಸುವ ರಾಗದಲ್ಲಿ ಓದಿದರು. ಎಂಟು ಗುಂಪು, ಎರಡು ಬಿಡಿ. ಆರನೆಯ ಗುಂಪಿನಲ್ಲಿ ತಾಳೆಯಾಗಲಿಲ್ಲ! ಎದೆ ಒಮ್ಮೆ ನಿಂತಿತು. ನೋಡಿದರೆ ಅಮ್ಮ ಕನ್ನಡಕ ಸರಿಮಾಡಿಕೊಳ್ಳುವಾಗ ಒಂದು ಗುಂಪು ಹಾರಿಸಿದ್ದರು. ಮತ್ತೆ ಮೊದಲಿನಿಂದ.

149 ಹೋಯಿತು. ಗಡಿಯಾರದಲ್ಲಿ ಇನ್ನೂ ಹತ್ತೊಂಬತ್ತು ನಿಮಿಷ ಇತ್ತು. ಪರವಾನಗಿ ಇಮೇಲಿಗೆ ಬಂತು. ಒಂದೇ ಅನುಮಾನ, ಶುಲ್ಕ ಹದಿಮೂರು ಟಿಆರ್‌ಎಕ್ಸ್ ಚಿಲ್ಲರೆ ಸುಟ್ಟಿದೆ. ಅದರಲ್ಲಿ ಅರ್ಧ ಎಂದು ಎಲ್ಲಿಯೋ ಓದಿದ್ದೆ.

ಕೊಡಚಾದ್ರಿ_ಕಾಲುದಾರಿ

ಹದಿಮೂರು ಸರಿಯಾದ ಲೆಕ್ಕವೇ. ಟ್ರಾನ್‌ನಲ್ಲಿ ಈಗಾಗಲೇ ಯುಎಸ್‌ಡಿಟಿ ಇರುವ ವಿಳಾಸಕ್ಕೆ ಕಳುಹಿಸಿದರೆ ಸುಮಾರು 65 ಸಾವಿರ ಎನರ್ಜಿ (ಶುಲ್ಕಕ್ಕೆ ಆಧಾರವಾದ ಅಲ್ಲಿಯ ಅಳತೆ), ಒಂದೂ ಇಲ್ಲದ ಹೊಚ್ಚಹೊಸ ವಿಳಾಸಕ್ಕೆ ಅದರ ಎರಡರಷ್ಟು. ಬಿಲ್ಲಿನ ವಿಳಾಸ ಸಾಮಾನ್ಯವಾಗಿ ಹೊಚ್ಚಹೊಸದೇ. ನಾನು ಮೊದಲೇ ಹೇಳಬೇಕಿತ್ತು, ಮರೆತೆ. ನೀವು ಹತ್ತೇ ತರಿಸಿದ್ದರೆ ಗಡಿಯಾರ ಓಡುತ್ತಿರುವಾಗ ಸಿಕ್ಕಿಹಾಕಿಕೊಳ್ಳುತ್ತಿದ್ದಿರಿ.

ಲೆಕ್ಕಪತ್ರ

ವಹಿವಾಟಿನ ಸಂಖ್ಯೆ, ಆ ದಿನದ ರೂಪಾಯಿ ಬೆಲೆ, ಬಿಲ್ಲು ಮೂರನ್ನೂ ಒಂದೇ ಕಡತದಲ್ಲಿ ಇಡಿ. ಜುಲೈಯಲ್ಲಿ ಕೇಳುತ್ತೇನೆ.

ನಿವೃತ್ತ_ಗುಮಾಸ್ತ

ನಮ್ಮ ಶಾಖೆಯಲ್ಲೂ ಗುಂಪು ಹಾರಿಸುವವರಿದ್ದರು. ಅದಕ್ಕೇ ಪ್ರತಿ ಐದು ಸಾಲಿಗೆ ಓದುವವನು ನಿಂತು ‘ಸರಿಯೇ?’ ಎಂದು ಕೇಳುವುದಿತ್ತು. ನಿಮ್ಮ ಅಮ್ಮನಿಗೆ ಹೇಳಿಕೊಡಿ.